ಎಡಗಡೆಯ ದಪ್ಪ ಗೆರೆ

ಶಿಕಾರಿಪುರದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ಟೈಪಿಂಗ್ ಮೇಡಂ. ಟೈಪಿಂಗ್ ಕಲಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಂಪ್ಯೂಟರ್ ಕಲಿಸಿದರು, ವೆಬ್‌ಸೈಟ್ ಮಾಡುವುದು ಹೇಗೆಂದು ಕನ್ನಡದಲ್ಲಿ ಪಾಠ ಬರೆದು ಇಂಟರ್‌ನೆಟ್ಟಿಗೆ ಹಾಕಿದರು, ಯಾವ್ಯಾವುದೋ ಜಿಲ್ಲೆಯ ಮಕ್ಕಳು ಅದನ್ನು ಓದಿ ಕಲಿತರು. ಆದರೂ ಬಸ್ ಸ್ಟ್ಯಾಂಡಿನ ಹಣ್ಣಿನವನಿಗೆ ಅವರು ಟೈಪಿಂಗ್ ಮೇಡಂ, ಬ್ಯಾಂಕಿನ ಮ್ಯಾನೇಜರಿಗೂ ಟೈಪಿಂಗ್ ಮೇಡಂ. ಅವರಿಗೂ ಆ ಹೆಸರಿನ ಬಗ್ಗೆ ತಕರಾರಿರಲಿಲ್ಲ.

ಕಳೆದ ತಿಂಗಳು ಅವರು ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದ ಕೀಲಿಕೈಯನ್ನು ನನ್ನ ಕೈಗಿಟ್ಟು, ಇನ್ನು ಸಾಕು ಎಂದು ಮನೆಗೆ ಹೋದರು. ಹನ್ನೊಂದು ವರ್ಷ ನಾನು ಅವರ ಕೈಕೆಳಗೆ ಕೆಲಸ ಮಾಡಿದೆ. ನಾನು ಸ್ವಲ್ಪ ಜಂಬದ ಮನುಷ್ಯ, ನನ್ನ ಹೆಂಡತಿಯನ್ನು ಕೇಳಿದರೆ ಸ್ವಲ್ಪ ಅನ್ನುವ ಮಾತನ್ನು ಕಿತ್ತು ಹಾಕಿಯಾಳು. ಆದರೆ ನನ್ನ ಜಂಬಕ್ಕೆಲ್ಲ ಸರಿಯಾದ ಕಾರಣ ಇರುವುದು ಇದೊಂದೇ: ಟೈಪಿಂಗ್ ಮೇಡಂ ಜೊತೆ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದವನು ನಾನು.

ಅವರು ಸೊರಬದ ಕಡೆಯವರು. ಮದುವೆಗೆ ಮೊದಲು ಸೊರಬದಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರಂತೆ, ಮದುವೆಯಾಗಿ ಇಲ್ಲಿಗೆ ಬರುವಾಗ ಒಂದು ಇಂಗ್ಲಿಷ್ ಟೈಪ್‌ರೈಟರನ್ನು ಬಟ್ಟೆಯ ಪೆಟ್ಟಿಗೆಗಿಂತ ಜೋಪಾನವಾಗಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರಂತೆ. ನಮ್ಮ ಕೇಂದ್ರದ ಮೂಲೆಯಲ್ಲಿ ಹೂವಿನ ಬಟ್ಟೆ ಹೊದ್ದು ಕೂತಿದ್ದುದು ಅದೇ ಯಂತ್ರ. ವಾರಕ್ಕೊಮ್ಮೆ ಅದಕ್ಕೆ ಎಣ್ಣೆ ಬಿಡುತ್ತಿದ್ದರು. ಕಂಪ್ಯೂಟರ್ ಕೇಂದ್ರದಲ್ಲಿ ಇದ್ಯಾಕೆ ಎಂದು ಸೇರಿದ ಹೊಸದರಲ್ಲಿ ನಾನು ಕೇಳಿದ್ದೆ. ಅವರು ಉತ್ತರ ಹೇಳದೆ ಎಣ್ಣೆಯ ಪುಟ್ಟ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಅವತ್ತಿನಿಂದ ಎಣ್ಣೆ ಬಿಡುವ ಕೆಲಸವೂ ನನ್ನ ಪಾಲಿಗೆ ಬಂತು.

ಅವರ ಬ್ಯಾಗಿನಲ್ಲಿ ಯಾವಾಗಲೂ ಒಂದು ಸ್ಟೀಲಿನ ಅಳತೆ ಪಟ್ಟಿ ಇರುತ್ತಿತ್ತು. ಯಾರಾದರೂ ಮದುವೆಯ ಕರೆಯೋಲೆ ಕೊಟ್ಟರೆ ಮೊದಲು ವಧುವರರ ಹೆಸರು ಓದುತ್ತಿರಲಿಲ್ಲ. ಪಟ್ಟಿ ತೆಗೆದು ಎಡಗಡೆ ಎಷ್ಟು ಜಾಗ ಬಿಟ್ಟಿದ್ದಾರೆ, ಬಲಗಡೆ ಎಷ್ಟು ಎಂದು ಅಳೆಯುತ್ತಿದ್ದರು. ಕೊಟ್ಟವರು ಗಾಬರಿಯಾಗಿ ನಿಂತಿದ್ದರೆ, ಹುಡುಗ ಎಂತ ಮಾಡ್ಕೊಂಡಿದಾನೆ ಎಂದು ಆಮೇಲೆ ಕೇಳುತ್ತಿದ್ದರು.

ಇನ್ನೊಂದು ಅಭ್ಯಾಸ. ಯಾವುದೇ ಪುಟ ಸಿದ್ಧವಾದರೂ ಅದನ್ನು ಕಂಪ್ಯೂಟರ್ ಪರದೆಯಲ್ಲಿ ತೆರೆದಿಟ್ಟು, ಎದ್ದು ಬಾಗಿಲ ತನಕ ಹೋಗಿ, ಅಲ್ಲಿಂದ ತಿರುಗಿ ನಿಂತು ಕಣ್ಣು ಅರ್ಧ ಮುಚ್ಚಿ ನೋಡುತ್ತಿದ್ದರು. ಆಮೇಲೆ ನಮ್ಮನ್ನೂ ಅಲ್ಲಿಗೇ ಕರೆದು ನಿಲ್ಲಿಸಿ, "ಎಂತ ಕಾಣ್ತದೆ?" ಎಂದು ಕೇಳುತ್ತಿದ್ದರು. ಅಷ್ಟು ದೂರದಿಂದ, ಅಷ್ಟು ಮಂಜಾಗಿ ನೋಡಿದರೂ ಕೋಡ್ ಎಲ್ಲಿದೆ ಎಂದು ತಕ್ಷಣ ಗೊತ್ತಾಗಬೇಕು. ಗೊತ್ತಾಗದಿದ್ದರೆ ಪುಟ ವಾಪಸ್. ಬಾಗಿಲ ಬಳಿ ನಾವಿಬ್ಬರೂ ಕಣ್ಣು ಕಿರಿದು ಮಾಡಿ ನಿಂತಿದ್ದನ್ನು ನೋಡಿ, ಕೆಳಗಿನ ಗೊಬ್ಬರದಂಗಡಿಯವರು ಇಬ್ಬರಿಗೂ ಕಣ್ಣಿನ ತೊಂದರೆ ಎಂದುಕೊಂಡು ಶಿವಮೊಗ್ಗದ ಒಬ್ಬ ಡಾಕ್ಟರ ವಿಳಾಸ ಹೇಳಿದ್ದರು.

ಈ ಹಟ ಹುಟ್ಟಿದ್ದು ಒಬ್ಬ ಈಸೂರಿನ ಹುಡುಗನಿಂದ. ನಾನು ಸೇರುವ ಮೊದಲಿನ ಕತೆ ಇದು, ಮೇಡಂ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆಗ ಪಾಠಗಳು ಸಾದಾ ಇದ್ದವು. ಕನ್ನಡದ ವಿವರಣೆ, ಅದರ ಕೆಳಗೆ ಕಂಪ್ಯೂಟರಿಗೆ ಕೊಡಬೇಕಾದ ಕೋಡಿನ ಸಾಲುಗಳು, ಮತ್ತೆ ವಿವರಣೆ, ಎಲ್ಲ ಒಂದೇ ತೆರನ ಅಕ್ಷರದಲ್ಲಿ. ಬ್ರಿಟಿಷರ ಕಾಲದಿಂದಲೂ ಈಸೂರಿನವರು ಸುಲಭಕ್ಕೆ ಯಾರ ಅಪ್ಪಣೆಗೂ ತಲೆ ಬಾಗಿಸುವವರಲ್ಲ ಎಂದು ನಾವು ಛೇಡಿಸುವುದುಂಟು, ಆದರೆ ಈ ಹುಡುಗ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದ್ದ. ಪಾಠದಲ್ಲಿದ್ದುದನ್ನೆಲ್ಲ ಒಂದೂ ಬಿಡದೆ ಕಂಪ್ಯೂಟರಿಗೆ ಹೊಡೆದಿದ್ದ. ಅವನ ವೆಬ್ ಪುಟ ತೆರೆದರೆ ನಟ್ಟ ನಡುವೆ "ಈಗ ಇದನ್ನು ಉಳಿಸಿ, ಬೇಸರ ಮಾಡಿಕೊಳ್ಳದೆ ಇನ್ನೊಮ್ಮೆ ಪರೀಕ್ಷಿಸಿ" ಎಂಬ ಮೇಡಂ ಮಾತು ಮೆರೆಯುತ್ತಿತ್ತು. ಕ್ಲಾಸೆಲ್ಲ ನಕ್ಕಿತಂತೆ. ಮೇಡಂ ನಗಲಿಲ್ಲ. ಅವನದೇನೂ ತಪ್ಪಿಲ್ಲ, ಯಾವುದು ನನ್ನ ಮಾತು, ಯಾವುದು ಕಂಪ್ಯೂಟರಿನ ಮಾತು ಅಂತ ನಾನೇ ತೋರಿಸಿಲ್ಲ ಎಂದರಂತೆ.

ಅವತ್ತು ಅವರು ಮಾಡಿದ್ದು ತೀರಾ ಸಣ್ಣ ಕೆಲಸ. ಕೋಡ್ ಇರುವಷ್ಟು ಉದ್ದಕ್ಕೆ ಎಡಗಡೆ ಒಂದು ದಪ್ಪ ಗೆರೆ ಎಳೆದರು. ಕೋಡಿನ ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು ಖಾಲಿ ಬಿಟ್ಟರು. ಕೋಡನ್ನು ಟೈಪ್‌ರೈಟರಿನಂಥ ಅಕ್ಷರಕ್ಕೆ ಬದಲಾಯಿಸಿದರು. ಆ ಅಕ್ಷರದಲ್ಲಿ ತೆಳ್ಳಗಿನ ಐ ಮತ್ತು ಅಗಲದ ಡಬ್ಲ್ಯೂ ಎರಡೂ ಒಂದೇ ಅಳತೆಯ ಜಾಗ ಹಿಡಿಯುತ್ತವೆ. ಸೊರಬದ ಬಸ್ಸಿನಲ್ಲಿ ಸಣ್ಣಗಿರುವವರಿಗೂ ದಪ್ಪಗಿರುವವರಿಗೂ ಒಂದೇ ಸೀಟು ಅಲ್ವಾ, ಹಂಗೆ ಎಂದು ಕ್ಲಾಸಿನಲ್ಲಿ ಹೇಳುತ್ತಿದ್ದರು. ಹೇಳುವಾಗ ನನ್ನ ಹೊಟ್ಟೆಯ ಕಡೆ ನೋಡುತ್ತಿದ್ದರು ಎಂಬುದು ನನ್ನ ದೂರು. ಗೆರೆಯ ಬಲಕ್ಕೆ ಇರುವುದನ್ನು ಮಾತ್ರ ಹೊಡೆಯಬೇಕು, ಉಳಿದಿದ್ದನ್ನು ಓದಬೇಕು. ಇಷ್ಟೇ ನಿಯಮ. ಆಮೇಲೆ ಯಾರೂ ಮೇಡಂ ಮಾತನ್ನು ಕಂಪ್ಯೂಟರಿಗೆ ಹೊಡೆಯಲಿಲ್ಲ.

ನಾನು ಬಂದದ್ದು ಇಂಥ ಜಾಗಕ್ಕೆ. ಶಿವಮೊಗ್ಗದಲ್ಲಿ ಡಿಪ್ಲೊಮಾ ಮುಗಿಸಿ, ವೆಬ್‌ಸೈಟಿನ ಅಂದಚಂದದ ಬಗ್ಗೆ ಹೊಸದಾಗಿ ಕಲಿತು, ತಲೆಯೊಳಗೆ ಬಣ್ಣ ತುಂಬಿಕೊಂಡು ಬಂದಿದ್ದೆ. ನಮ್ಮ ಪಾಠದ ಪುಟಗಳನ್ನು ನೋಡಿ ನಿಜವಾಗಿ ನಾಚಿಕೆಯಾಗುತ್ತಿತ್ತು. ಹೊರಗಿನ ಸೈಟುಗಳಲ್ಲಿ ಕೋಡ್ ಕಪ್ಪು ಚೌಕದೊಳಗೆ ಹಳದಿ, ತಿಳಿ ಹಸಿರು, ಗುಲಾಬಿ ಅಕ್ಷರಗಳಲ್ಲಿ ಹೊಳೆಯುತ್ತಿತ್ತು. ನಮ್ಮದೋ, ಕಂದಾಯ ಇಲಾಖೆಯ ನೋಟೀಸಿನ ಹಾಗೆ ಬಿಳಿ ಹಾಳೆ, ಕರಿ ಅಕ್ಷರ, ಒಂದು ಗೆರೆ. ಬದಲಾಯಿಸೋಣ ಎಂದು ಎರಡು ವರ್ಷ ಕೇಳಿದೆ. ಪ್ರತಿ ಸಲವೂ ಅವರು ನನ್ನ ಮಾದರಿಯನ್ನು ಬಾಗಿಲಿಂದ ನೋಡಿ, ಚಂದ ಇದೆ ಮಾರಾಯ್ರೆ, ಆದ್ರೆ ಬೇಡ ಎನ್ನುತ್ತಿದ್ದರು. ಯಾಕೆ ಬೇಡ ಎಂದು ಹೇಳುತ್ತಿರಲಿಲ್ಲ. ಈಗ ಅನಿಸುತ್ತದೆ, ಯಾಕೆ ಎಂದು ಅವರಿಗೂ ಆಗ ಪೂರ್ತಿ ಗೊತ್ತಿರಲಿಲ್ಲ. ಟೈಪ್ ಮಾಡಿ ಮಾಡಿ ಬೆರಳಿಗೆ ಬಂದಿದ್ದ ಬುದ್ಧಿ ಅದು.

ಮೂರನೆಯ ವರ್ಷ ಅವರ ತಂಗಿಯ ಮಗಳ ಮದುವೆ ಬಂತು. ಮೇಡಂ ನಾಲ್ಕು ದಿನ ರಜ ಹಾಕಿ ಸೊರಬಕ್ಕೆ ಹೋದರು. ಅವರು ಬಸ್ ಹತ್ತಿದ್ದೇ ತಡ, ನಾನು ಕೂತು ಎಲ್ಲ ಪಾಠಗಳ ಕೋಡನ್ನೂ ಕಪ್ಪು ಚೌಕಕ್ಕೆ ಹಾಕಿದೆ. ಎಡಗಡೆಯ ಗೆರೆ ಕಿತ್ತೆ. ಹಳೆಯ ವಿನ್ಯಾಸದ ಒಂದು ಪ್ರತಿಯನ್ನೂ ಉಳಿಸಿಕೊಳ್ಳಲಿಲ್ಲ, ಅಷ್ಟು ಧೈರ್ಯ. ಮದುವೆ ಮುಗಿಸಿ ಬಂದಾಗ ನೋಡಿ ಖುಷಿಪಡುತ್ತಾರೆ ಎಂದು ನಂಬಿದ್ದೆ. ಬಾಗಿಲಲ್ಲಿ ನಿಂತು ನಾನೇ ಕಣ್ಣು ಕಿರಿದು ಮಾಡಿ ನೋಡಿಕೊಂಡೆ. ಕೋಡ್ ದೀಪ ಹಚ್ಚಿಟ್ಟ ಹಾಗೆ ಕಾಣುತ್ತಿತ್ತು.

ಆ ವಾರ ನಮ್ಮ ಸಂಜೆಯ ಬ್ಯಾಚಿನ ಹನ್ನೊಂದು ಜನಕ್ಕೆ ರೆಕಾರ್ಡ್ ಪುಸ್ತಕ ಮುಗಿಸುವ ಗಡಿಬಿಡಿ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಪ್ರಾಯೋಗಿಕ ಪರೀಕ್ಷೆ. ಹೊರಗಿನಿಂದ ಬರುವ ಪರೀಕ್ಷಕರು ಮೊದಲು ರೆಕಾರ್ಡ್ ನೋಡುತ್ತಾರೆ, ಅದರಲ್ಲಿ ಆರು ಪ್ರೋಗ್ರಾಮ್ ಅಚ್ಚಾಗಿ ಅಂಟಿರಬೇಕು, ಕೈಬರಹ ನಡೆಯುವುದಿಲ್ಲ. ರೆಕಾರ್ಡ್ ಸರಿಯಿಲ್ಲದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಶುಕ್ರವಾರ ಅವರಲ್ಲೊಬ್ಬ ಸೈಟಿನಿಂದ ಆರು ಪಾಠಗಳ ಪ್ರಿಂಟ್ ತೆಗೆದ. ಉಳಿದವರು ಅವನದನ್ನು ಜೆರಾಕ್ಸ್ ಮಾಡಿಸಿದರು, ಅವರದನ್ನು ಇನ್ನುಳಿದವರು.

ಭಾನುವಾರ ಬೆಳಗ್ಗೆ ಎಲ್ಲರೂ ರೆಕಾರ್ಡ್ ತೋರಿಸಲು ಕೇಂದ್ರಕ್ಕೆ ಬಂದರು. ಮೇಡಂ ಕೂಡ ಮದುವೆಯ ಮನೆಯಿಂದ ನೇರ ಮೊದಲನೇ ಬಸ್ಸಿಗೆ ಬಂದಿದ್ದರು, ಕೈಯ ಮದರಂಗಿ ಇನ್ನೂ ಕೆಂಪಗಿತ್ತು. ಲೈನಿನ ಕೆಲಸ ಎಂದು ಹತ್ತರಿಂದ ಐದರವರೆಗೆ ಊರಿಗೆಲ್ಲ ಕರೆಂಟ್ ಇರಲಿಲ್ಲ. ಮೊದಲು ಪುಸ್ತಕ ತಂದವಳು ಉಡುತಡಿಯ ರೇಣುಕಾ. ಬ್ಯಾಚಿಗೆಲ್ಲ ದೊಡ್ಡವಳು, ಮೂವತ್ತರ ಹತ್ತಿರ, ಒಂದು ಮಗುವಿನ ತಾಯಿ. ಊರಿನ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ಕೆಲಸ ಖಾಲಿಯಿತ್ತು, ಸರ್ಟಿಫಿಕೇಟ್ ಇದ್ದರೆ ಅವಳಿಗೇ ಎಂದು ಹೇಳಿದ್ದರು. ಮನೆಯಲ್ಲಿ ಒಪ್ಪಿದ್ದು ಒಂದೇ ವರ್ಷಕ್ಕೆ. ಈ ಸಲ ಆಗದಿದ್ದರೆ ಇನ್ನು ಕಳಿಸುವುದಿಲ್ಲ ಎಂದು ಅತ್ತೆ ಖಡಾಖಂಡಿತವಾಗಿ ಹೇಳಿದ್ದು ನಮಗೆಲ್ಲ ಗೊತ್ತಿತ್ತು.

ಅವಳ ರೆಕಾರ್ಡ್ ಬಲು ನೀಟು. ಹಾಳೆ ಓರೆಯಿಲ್ಲದೆ ಅಂಟಿಸಿದ್ದಳು. "ಪ್ರೋಗ್ರಾಮ್ ಈ ಕೆಳಗಿನಂತಿದೆ" ಎಂಬ ಸಾಲಿತ್ತು, ಅದರ ಕೆಳಗೆ ಅಂಗೈಯಗಲದ ಖಾಲಿ ಜಾಗ, ಆಮೇಲೆ "ಮೇಲಿನ ಪ್ರೋಗ್ರಾಮಿನಲ್ಲಿ ಗಮನಿಸಿ" ಎಂಬ ಸಾಲು. ಖಾಲಿ ಜಾಗದ ಸುತ್ತ ಪೆನ್ಸಿಲಿನಲ್ಲಿ ಚಂದದ ಚೌಕ ಹಾಕಿದ್ದಳು.

"ಮೇಡಂ, ಇಲ್ಲಿ ಜಾಗ ಬಿಟ್ಟೈತಲ್ರೀ, ಇದು ಚಿತ್ರ ಬರಿಯಾಕೇನ್ರೀ?" ಎಂದಳು.

ನನಗೆ ಆಗ ಹೊಳೆಯಿತು. ಪ್ರಿಂಟ್ ತೆಗೆಯುವಾಗ ಯಂತ್ರ ಪುಟದ ಹಿನ್ನೆಲೆಯ ಬಣ್ಣವನ್ನು ಬಿಟ್ಟುಬಿಡುತ್ತದೆ. ನನ್ನ ಕಪ್ಪು ಚೌಕ ಹಾಳೆಗೆ ಬಂದೇ ಇರಲಿಲ್ಲ. ಬಂದದ್ದು ಬಿಳಿ ಹಾಳೆಯ ಮೇಲೆ ತೆಳು ಹಳದಿ, ತೆಳು ಗುಲಾಬಿ ಅಕ್ಷರ ಮಾತ್ರ. ಮೊದಲ ಪ್ರಿಂಟಿನಲ್ಲಿ ಕಣ್ಣಿಗೆ ಹತ್ತಿರ ಹಿಡಿದರೆ ಏನೋ ಇದೆ ಅನಿಸುತ್ತಿತ್ತು. ಜೆರಾಕ್ಸಿನಲ್ಲಿ ಅದೂ ಇಲ್ಲ. ಹನ್ನೊಂದು ಪುಸ್ತಕದಲ್ಲೂ ವಿವರಣೆಯೆಲ್ಲ ಎದ್ದು ಕಾಣುತ್ತಿತ್ತು, ಕೋಡ್ ಒಂದು ಬಿಟ್ಟು. ನಮ್ಮ ಕಡೆ ರೆಕಾರ್ಡಿನಲ್ಲಿ ಚಿತ್ರಕ್ಕೆ ಜಾಗ ಬಿಡುವುದು ರೂಢಿಯಾದ್ದರಿಂದ ಯಾರಿಗೂ ಅನುಮಾನವೇ ಬಂದಿರಲಿಲ್ಲ. ಎರಡು ದಿನ ಆ ಖಾಲಿಯನ್ನು ಶ್ರದ್ಧೆಯಿಂದ ಅಂಟಿಸಿಕೊಂಡು ಬಂದಿದ್ದರು.

ಮೇಡಂ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಣ್ಣು ಅರ್ಧ ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ ನೋಡಿದರು, ಅಷ್ಟೇ. ನಾನು ನೆಲ ನೋಡಿದೆ. ಬೈದಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದೆ, ನನ್ನ ಸ್ವಭಾವ ಅಂಥದ್ದು. ಅವರು ನನ್ನನ್ನು ಒಳಗಿನ ಕೋಣೆಗೆ ಕರೆದು ಮೆಲ್ಲಗೆ ಅಂದರು:

"ಅವ್ರಿಗೆ ನೀವೇ ಹೇಳಿ ಮಾರಾಯ್ರೆ. ನಾ ಹೇಳಿದ್ರೆ ಅದು ದೂರು ಆಗ್ತದೆ. ನೀವ್ ಹೇಳಿದ್ರೆ ಪಾಠ ಆಗ್ತದೆ."

ಹೊರಗೆ ಬಂದು ಹನ್ನೊಂದು ಜನರ ಮುಂದೆ ನಿಂತು ಹೇಳಿದೆ. ಚಂದ ಕಾಣಲಿ ಎಂದು ಬಣ್ಣ ಬದಲಾಯಿಸಿದ್ದು ನಾನು, ಮೇಡಂಗೆ ಕೇಳದೆ ಮಾಡಿದ್ದು, ತಪ್ಪು ನನ್ನದು ಎಂದೆ. ರೇಣುಕಾ ಪುಸ್ತಕ ಮುಚ್ಚಿ ಎದೆಗೆ ಒತ್ತಿ ಹಿಡಿದು, ಹಂಗಾರೆ ನಾಳೆ ನಾವು ಕೂರಂಗಿಲ್ವೇನ್ರೀ ಸರ್ ಎಂದು ಕೇಳಿದಳು. ಆ ನಾಚಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಬೈಕಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಸರಿ ಮಾಡಿ ಪ್ರಿಂಟ್ ತರುತ್ತೇನೆ ಎಂದೆ. ಭಾನುವಾರ ಅಲ್ಲಿ ಯಾವ ಅಂಗಡಿ ತೆರೆದಿರುತ್ತದೆ ಗೊತ್ತಾ ಎಂದು ಮೇಡಂ ಕೇಳಿದರು. ಗೊತ್ತಿರಲಿಲ್ಲ. ಆನವಟ್ಟಿಯಿಂದ ಬಂದ ಇಬ್ಬರು ನಾಲ್ಕರ ಬಸ್ ಹಿಡಿಯಬೇಕಿತ್ತು. ಐದಕ್ಕೆ ಬರುವ ಕರೆಂಟನ್ನು ನಂಬಿ ಕೂರುವ ಹಾಗಿರಲಿಲ್ಲ. ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂಲೆಗೆ ಹೋಗಿ ಟೈಪ್‌ರೈಟರಿನ ಮೇಲಿದ್ದ ಹೂವಿನ ಬಟ್ಟೆ ತೆಗೆದರು.

ನಾನು ವಾರವಾರ ಎಣ್ಣೆ ಬಿಟ್ಟ ಯಂತ್ರ ಅದು, ಕೀಲಿಗಳು ಸಲೀಸಾಗಿ ಓಡಿದವು. ಒಂದು ಸಲಕ್ಕೆ ನಾಲ್ಕು ಹಾಳೆ, ನಡುವೆ ಮೂರು ಕಾರ್ಬನ್. ಮೂರು ಸಲ ಹೊಡೆದರೆ ಹನ್ನೆರಡು ಪ್ರತಿ: ಮಕ್ಕಳಿಗೆ ಹನ್ನೊಂದು, ನಮಗೊಂದು. ಆರು ಪ್ರೋಗ್ರಾಮಿಗೆ ಹದಿನೆಂಟು ಸಲ ಹೊಡೆಯಬೇಕು. ಪಾಠ ಬರೆದವರು ಅವರೇ, ಆರೂ ಪ್ರೋಗ್ರಾಮ್ ಅವರಿಗೆ ಬಾಯಿಪಾಠ. ಹಾಳೆಗಳ ನಡುವೆ ಕಾರ್ಬನ್ ಇಟ್ಟು ಜೋಡಿಸಿಕೊಡುವ ಕೆಲಸ ನನ್ನದು. ಮೊದಲನೇ ಸಾಲಿಗೇ ಅವರ ಬೆರಳು ನಿಂತಿತು. ವೆಬ್ ಪುಟದ ಕೋಡಿನಲ್ಲಿ ಪ್ರತಿಯೊಂದು ಆಜ್ಞೆಯೂ ಕೋನದ ಆಕಾರದ ಬ್ರ್ಯಾಕೆಟ್ ಒಳಗೆ ಇರಬೇಕು. ಒಂದನ್ನು ಮುಚ್ಚದೆ ಬಿಟ್ಟರೂ ಪುಟ ಕೆಡುತ್ತದೆ. ಆ ಬ್ರ್ಯಾಕೆಟ್ ಟೈಪ್‌ರೈಟರಿನಲ್ಲಿ ಇಲ್ಲವೇ ಇಲ್ಲ. ಅದನ್ನು ಮಾಡಿದವರ ಕಾಲದಲ್ಲಿ ಅದು ಯಾರಿಗೂ ಬೇಕಿರಲಿಲ್ಲ.

ಇನ್ನು ಮುಗಿಯಿತು ಎಂದುಕೊಂಡೆ. ಮೇಡಂ ಮಾತ್ರ ಬ್ರ್ಯಾಕೆಟ್ ಬರುವ ಕಡೆಯೆಲ್ಲ ಒಂದೊಂದು ಅಕ್ಷರದ ಜಾಗ ಬಿಟ್ಟು ಹೊಡೆಯುತ್ತಾ ಹೋದರು. ಪುಟಕ್ಕೆ ಎಪ್ಪತ್ತೋ ಎಂಬತ್ತೋ ಕಿಂಡಿಗಳು. ಒಂದು ಪುಟ ಮುಗಿದಾಗ ಹಾಳೆ ಹೊರಗೆಳೆದು, ಕಾಗದ ತಿದ್ದಲು ಇಟ್ಟುಕೊಂಡಿದ್ದ ಕೆಂಪು ಪೆನ್ನುಗಳ ಡಬ್ಬಿಯನ್ನು ಮಕ್ಕಳ ಮುಂದಿಟ್ಟರು. ಎಲ್ಲಿ ಬ್ರ್ಯಾಕೆಟ್ ಬರಬೇಕು ಎಂದು ನೀವೇ ಯೋಚಿಸಿ, ನಿಮ್ಮ ನಿಮ್ಮ ಹಾಳೆಗೆ ನೀವೇ ಹಾಕಿ, ತೆರೆದದ್ದನ್ನು ಮುಚ್ಚದೆ ಮುಂದೆ ಹೋಗಬೇಡಿ ಎಂದರು. ಇಷ್ಟನ್ನು ಕೈಯಲ್ಲಿ ಹಾಕಿದರೆ ಪರೀಕ್ಷಕರು ಒಪ್ಪುತ್ತಾರಾ ಎಂದು ನಾನು ಪಿಸುಗುಟ್ಟಿದೆ. ಅಕ್ಷರ ಅಚ್ಚಾಗಿದೆಯಲ್ಲ, ಉಳಿದದ್ದು ನಾಳೆ ನೋಡುವ ಎಂದು ಮುಂದಿನ ಹಾಳೆ ಏರಿಸಿದರು.

ಮಧ್ಯಾಹ್ನ ಕೆಳಗಿನಿಂದ ಮಂಡಕ್ಕಿ ತರಿಸಿದೆ, ಅವರು ಮುಟ್ಟಲಿಲ್ಲ. ನಾನು ಅಳತೆ ಪಟ್ಟಿ ಹಿಡಿದು ಪ್ರತಿ ಹಾಳೆಯ ಎಡಗಡೆ, ಕೋಡ್ ಇರುವಷ್ಟು ಉದ್ದಕ್ಕೆ, ದಪ್ಪ ಗೆರೆ ಎಳೆದೆ. ನಾಲ್ಕು ದಿನದ ಹಿಂದೆ ಕಂಪ್ಯೂಟರಿನಲ್ಲಿ ಕಿತ್ತಿದ್ದ ಗೆರೆಯನ್ನು ಕೈಯಲ್ಲಿ ಎಳೆಯುತ್ತಿದ್ದೆ. ಕೋಣೆಯಲ್ಲಿ ಟೈಪ್‌ರೈಟರಿನ ಸದ್ದು ಬಿಟ್ಟರೆ ಇನ್ನೇನಿಲ್ಲ. ನಡುನಡುವೆ ಒಬ್ಬರು ಇನ್ನೊಬ್ಬರ ಹಾಳೆ ನೋಡಿ, ಇಲ್ಲಿ ಮುಚ್ಚಿಲ್ಲ ನೋಡು ಎನ್ನುತ್ತಿದ್ದರು. ಮೂರೂಮುಕ್ಕಾಲಿಗೆ ಕೊನೆಯ ಹಾಳೆ ಹೊರಬಂತು. ಆನವಟ್ಟಿಯವರು ಓಡಿಹೋಗಿ ಬಸ್ ಹತ್ತಿದರು. ಕಾರ್ಬನ್ನಿನ ಕೊನೆಯ ಪ್ರತಿಯ ಅಕ್ಷರ ಮಬ್ಬಾಗಿರುತ್ತದೆ, ಮುಂಚೆ ಕೈ ಹಾಕಿದವರು ಮೇಲಿನವನ್ನು ತೆಗೆದುಕೊಂಡಿದ್ದರಿಂದ ರೇಣುಕಾಳಿಗೆ ಉಳಿದದ್ದು ಅದೇ. ಅವಳು ಗೊಣಗದೆ ಅಂಟಿಸಿಕೊಂಡಳು.

ಸೋಮವಾರ ಬಂದ ಪರೀಕ್ಷಕರು ಮೊದಲನೇ ರೆಕಾರ್ಡ್ ತೆರೆದು ಕನ್ನಡಕ ಸರಿ ಮಾಡಿಕೊಂಡರು. ಕಂಪ್ಯೂಟರ್ ಪರೀಕ್ಷೆಗೆ ಟೈಪ್‌ರೈಟರಿನ ಹಾಳೆ ತಂದಿದ್ದನ್ನು ಅವರು ಹಿಂದೆಂದೂ ನೋಡಿರಲಿಕ್ಕಿಲ್ಲ. ಇದೇನು ಎಂದು ಕೇಳಿದರು.

"ಕರೆಂಟ್ ಇರ್ಲಿಲ್ಲ ಸರ್," ಎಂದರು ಮೇಡಂ. "ಪಾಠ ಇತ್ತು."

ಅವರು ಒಂದೊಂದೇ ಪುಸ್ತಕ ತಿರುವಿದರು. ರೇಣುಕಾಳ ಸರದಿ ಬಂದಾಗ ಮಬ್ಬು ಅಕ್ಷರಗಳ ನಡುವೆ ಎದ್ದು ಕಾಣುತ್ತಿದ್ದ ಕೆಂಪು ಬ್ರ್ಯಾಕೆಟ್‌ಗಳ ಮೇಲೆ ಬೆರಳಿಟ್ಟು, ಇವು ಮಾತ್ರ ಯಾಕಮ್ಮ ಕೆಂಪು ಎಂದು ಕೇಳಿದರು. ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು, "ತೆರೆದಿದ್ದು ಮುಚ್ಚಬೇಕಲ್ರೀ ಸರ್. ಇದು ಶುರು, ಇದು ಮುಗಿಯೋದು. ಕೆಂಪಿದ್ರೆ ಮರೆಯಾಂಗಿಲ್ಲ." ಆಮೇಲೆ ಕೇಳದಿದ್ದರೂ ಇಡೀ ಪುಟವನ್ನು ಸಾಲುಸಾಲಾಗಿ ಬಿಡಿಸಿ ಹೇಳತೊಡಗಿದಳು. ಅರ್ಧಕ್ಕೆ ಪರೀಕ್ಷಕರೇ ಸಾಕು ಎಂದು ನಕ್ಕು ಸಹಿ ಹಾಕಿದರು.

ಪ್ರತಿ ವರ್ಷ ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಸೋಲುತ್ತಿದ್ದುದು ಬ್ರ್ಯಾಕೆಟ್ ಮುಚ್ಚಲು ಮರೆತೇ. ಆ ವರ್ಷ ನಾನು ಒಂದೊಂದೇ ಪರದೆಯ ಹಿಂದೆ ನಡೆದು ನೋಡಿದೆ. ಹನ್ನೊಂದರಲ್ಲಿ ಹನ್ನೊಂದೂ ಪುಟ ಸರಿಯಾಗಿ ತೆರೆದುಕೊಂಡಿದ್ದವು. ಎಲ್ಲರೂ ಪಾಸಾದರು. ರೇಣುಕಾ ಈಗ ಡೇರಿಯ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಒಂದೇ ವರ್ಷ ಎಂದಿದ್ದ ಅತ್ತೆ ಈಗ, ನಮ್ಮ ಸೊಸೆ ಹೊಡೆದ ಚೀಟಿ ಇದು ಎಂದು ಹಾಲಿನ ಚೀಟಿಯನ್ನು ನೆಂಟರಿಗೆ ತೋರಿಸುತ್ತಾರಂತೆ.

ಮೇಡಂ ಆ ಭಾನುವಾರವನ್ನು ಸುಮ್ಮನೆ ಬಿಡಲಿಲ್ಲ. ಸೈಟಿನಲ್ಲಿ ಗೆರೆ ವಾಪಸ್ ಬಂತು, ಜೊತೆಗೆ ಬ್ರ್ಯಾಕೆಟ್‌ಗಳೆಲ್ಲ ಉಳಿದ ಅಕ್ಷರಕ್ಕಿಂತ ದಪ್ಪಗಾದವು. ಕೆಂಪೇ ಮಾಡೋಣ ಎಂದೆ. ಜೆರಾಕ್ಸಿನಲ್ಲಿ ಕೆಂಪು ಸಾಯುತ್ತದೆ, ದಪ್ಪ ಉಳಿಯುತ್ತದೆ ಎಂದರು. ಮತ್ತೊಂದು ಹೊಸ ಪದ್ಧತಿ ತಂದರು. ಪಾಠ ಸಿದ್ಧವಾದ ಮೇಲೆ ಅದರ ಪ್ರಿಂಟ್ ತೆಗೆದು ಜೆರಾಕ್ಸ್ ಮಾಡಿಸಬೇಕು, ಆ ಜೆರಾಕ್ಸಿನ ಜೆರಾಕ್ಸ್, ಅದರದ್ದು ಇನ್ನೊಂದು, ಹೀಗೆ ಏಳನೇ ಕಾಪಿಯವರೆಗೆ. ಏಳನೆಯದನ್ನು ಗೋಡೆಗೆ ಅಂಟಿಸಿ ಬಾಗಿಲಿಂದ ನೋಡಬೇಕು. ಕೋಡ್ ಕಂಡರೆ ಮಾತ್ರ ಪಾಠ ಸೈಟಿಗೆ. ಜೆರಾಕ್ಸ್ ಅಂಗಡಿಯವನು ನನ್ನನ್ನು ನೋಡಿದೊಡನೆ ಏಳಾ ಸರ್ ಎಂದು ಕೇಳುವುದು ಹಾಗೆ ಶುರುವಾಯಿತು. ನಮ್ಮ ಪಾಠ ಪರದೆಯ ಮೇಲೆ ಓದುವವರಿಗಿಂತ, ಯಾರದೋ ಪುಸ್ತಕದಿಂದ ಜೆರಾಕ್ಸ್ ಮಾಡಿಸಿಕೊಂಡು ಬಸ್ಸಿನಲ್ಲಿ ಓದುವವರೇ ಹೆಚ್ಚು ಎಂಬುದನ್ನು ವೆಬ್‌ಸೈಟ್ ಮಾಡುವ ಎಷ್ಟು ಜನ ಯೋಚಿಸಿದ್ದಾರೆ? ನಮ್ಮ ಟೈಪಿಂಗ್ ಮೇಡಂ ಯೋಚಿಸಿದರು. ಒಂದು ಸಲ ಬೀದರ್ ಕಡೆಯ ಮೇಷ್ಟ್ರೊಬ್ಬರು ಪತ್ರ ಬರೆದಿದ್ದರು. ನಿಮ್ಮ ಸೈಟ್ ನೋಡಲು ಏನೇನೂ ಚೆನ್ನಾಗಿಲ್ಲ, ಆದರೆ ನಮ್ಮ ಮಕ್ಕಳಿಗೆ ಅರ್ಥವಾಗುವುದು ಅದೊಂದೇ ಎಂದು. ಮೇಡಂ ಆ ಪತ್ರವನ್ನು ಎರಡು ಸಲ ಓದಿಸಿ ಕೇಳಿದರು.

ಅವರ ಹೆಸರನ್ನು ಇಲ್ಲಿ ಯಾಕೆ ಬರೆದಿಲ್ಲ ಎಂದು ಕೇಳಬಹುದು. ಒಮ್ಮೆ ಪ್ರತಿ ಪಾಠದ ಕೊನೆಗೂ ಅವರ ಹೆಸರನ್ನು ಒಂದು ಬಣ್ಣದ ಚೌಕದಲ್ಲಿ ಹಾಕಿದ್ದೆ, ಈ ಸಲ ಕೇಳಿಯೇ. ಹಾಕಿ ತೋರಿಸಿ ನೋಡುವ ಎಂದಿದ್ದರು. ಬಾಗಿಲ ಬಳಿ ನನ್ನನ್ನು ನಿಲ್ಲಿಸಿ ಕಣ್ಣು ಕಿರಿದು ಮಾಡಿಸಿ, ಎಂತ ಕಾಣ್ತದೆ ಎಂದು ಕೇಳಿದರು. ನಿಮ್ಮ ಹೆಸರು ಎಂದೆ. ಹಂಗಾರೆ ತೆಗೀರಿ ಎಂದು ಹೋಗಿ ಕೂತರು. ಒಂದು ಪುಟದಲ್ಲಿ ಎದ್ದು ಕಾಣುವುದು ಒಂದೇ ಇರಬೇಕು ಎಂಬುದು ಅವರ ಲೆಕ್ಕ, ಆ ಒಂದು ತಾವಲ್ಲ ಎಂಬುದೂ ಅವರ ಲೆಕ್ಕವೇ. ಇಂಥವರ ಹತ್ತಿರ ಕಲಿತೆ ಎಂದು ಹೇಳಿಕೊಳ್ಳಲು ನನಗೆ ಎಷ್ಟು ಹೆಮ್ಮೆ ಎಂದರೆ, ಹೆಸರು ಹೇಳಲಾಗದ್ದಕ್ಕೆ ನಾಲಿಗೆ ತುರಿಸುತ್ತದೆ.

ಕಳೆದ ತಿಂಗಳ ಬೀಳ್ಕೊಡುಗೆ ಮಧ್ಯಾಹ್ನ ಕೇಂದ್ರದಲ್ಲೇ ಆಯಿತು. ಹಳೆಯ ವಿದ್ಯಾರ್ಥಿಗಳು ಮೆಟ್ಟಿಲ ತನಕ ನಿಂತಿದ್ದರು. ಶಾಲು, ಹಾರ, ಮಂಡಕ್ಕಿ, ಮೆಣಸಿನಕಾಯಿ. ನನಗೆ ಮಾತಾಡಲು ಹೇಳಿದರು, ಎರಡು ವಾಕ್ಯ ಹೇಳಿ ಕೂತೆ. ಆಗ ರೇಣುಕಾ ಎದ್ದು ಬಂದು, ಸೀರೆಯ ಪ್ಲಾಸ್ಟಿಕ್ ಕವರಿನಿಂದ ತನ್ನ ಹಳೆಯ ರೆಕಾರ್ಡ್ ಪುಸ್ತಕ ತೆಗೆದು ಮೇಡಂ ಮುಂದಿಟ್ಟಳು. ಎಂಟು ವರ್ಷದಿಂದ ಅದನ್ನು ಸೀರೆಗಳ ನಡುವೆ ಇಟ್ಟಿದ್ದಳಂತೆ. ಕಾರ್ಬನ್ನಿನ ಅಕ್ಷರ ಇನ್ನಷ್ಟು ಮಾಸಿತ್ತು. ಕೆಂಪು ಬ್ರ್ಯಾಕೆಟ್‌ಗಳೂ ನಾನೆಳೆದ ಗೆರೆಯೂ ಹಾಗೇ ಇದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು, ಕೆಲವರು ಕಣ್ಣೊರೆಸಿಕೊಂಡರು.

ಮೇಡಂ ಕಣ್ಣೊರೆಸಿಕೊಳ್ಳಲಿಲ್ಲ. ಶಾಲನ್ನು ಪಕ್ಕಕ್ಕಿಟ್ಟು ಬ್ಯಾಗಿನಿಂದ ಕನ್ನಡಕ ತೆಗೆದು, ಒಂದೊಂದೇ ಹಾಳೆ ತಿರುವಿ ಓದತೊಡಗಿದರು. ಸಭೆಯೆಲ್ಲ ಕಾಯುತ್ತಿತ್ತು. ಕೊನೆಯ ಪ್ರೋಗ್ರಾಮಿನ ಕೊನೆಯ ಸಾಲಿಗೆ ಬಂದು ಬೆರಳಿಟ್ಟರು. ಅಲ್ಲಿ ಒಂದು ಕಿಂಡಿ ಖಾಲಿಯೇ ಇತ್ತು. ಆ ಭಾನುವಾರದ ಗಡಿಬಿಡಿಯಲ್ಲಿ ಅವಳು ಹಾಕಿರಲಿಲ್ಲ, ಪರೀಕ್ಷಕರು ನೋಡಿರಲಿಲ್ಲ, ಎಂಟು ವರ್ಷ ಸೀರೆಗಳ ನಡುವೆ ಅದು ಹಾಗೇ ತೆರೆದುಕೊಂಡಿತ್ತು. ರೇಣುಕಾ ನಾಲಿಗೆ ಕಚ್ಚಿಕೊಂಡಳು. ಸಭೆ ನಕ್ಕಿತು. ಮೇಡಂ ಡಬ್ಬಿಯಿಂದ ಒಂದು ಕೆಂಪು ಪೆನ್ನು ತೆಗೆದು, ಕ್ಯಾಪ್ ಬಿಚ್ಚಿ, ಅವಳಿಗೆ ಕೊಡದೆ ನನ್ನ ಕಡೆ ಚಾಚಿದರು.

"ನೀವೇ ಮುಚ್ಚಿ ಮಾರಾಯ್ರೆ. ಶುರು ಮಾಡ್ದೋರು ನೀವೇ ಅಲ್ದಾ."

ನಾನು ಪುಸ್ತಕವನ್ನು ಮೇಜಿನ ಮೇಲೆ ನೆಟ್ಟಗಿಟ್ಟುಕೊಂಡು ಬ್ರ್ಯಾಕೆಟ್ ಹಾಕಿದೆ, ಸ್ವಲ್ಪ ದಪ್ಪಗೇ. ಮೇಡಂ ಅದನ್ನು ತೆಗೆದುಕೊಂಡು ಬಾಗಿಲ ತನಕ ನಡೆದು, ತೋಳಿನುದ್ದಕ್ಕೆ ಹಿಡಿದು, ಕಣ್ಣು ಅರ್ಧ ಮುಚ್ಚಿ ನೋಡಿದರು. ಕಾಣ್ತದೆ ಎಂದರು.